ತಮ್ಮನಿಗೆ 17, ಅಣ್ಣನಿಗೆ 19: ಒಂದೇ ಜಗಳ, ಎರಡು ಕಾನೂನು

ಪ್ರಶ್ನೆ: ನನ್ನ ಮಗನಿಗೆ 17 ವರ್ಷ 8 ತಿಂಗಳು, ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ನಮ್ಮ ಭಾವನವರ ಮಗನಿಗೆ 19, ಬಿ.ಕಾಂ ಎರಡನೇ ವರ್ಷ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಮೂರು ವಾರದ ಹಿಂದೆ ಜಾತ್ರೆಯಲ್ಲಿ ಪಕ್ಕದೂರಿನ ಹುಡುಗರ ಜೊತೆ ಜಗಳವಾಗಿ, ಒಬ್ಬನ ತಲೆಗೆ ದೊಣ್ಣೆಯ ಏಟು ಬಿತ್ತು. ತಲೆಬುರುಡೆ ಬಿರುಕು ಬಿಟ್ಟಿದೆ. ಈಗ ಐಸಿಯುನಿಂದ ವಾರ್ಡಿಗೆ ಬಂದಿದ್ದಾನೆ. ಪೊಲೀಸರು ಇಬ್ಬರ ಮೇಲೂ ಕೊಲೆ ಯತ್ನದ ಕೇಸ್ ಹಾಕಿದ್ದಾರೆ. ಮಗ ವೀಕ್ಷಣಾಲಯದಲ್ಲಿದ್ದಾನೆ (ಕೇಸ್ ಇರುವ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ ಕಡೆ), ಅವನ ಅಣ್ಣ ಜೈಲಿನಲ್ಲಿದ್ದಾನೆ. 16 ದಾಟಿದವರನ್ನು ದೊಡ್ಡವರ ಹಾಗೇ ವಿಚಾರಣೆ ಮಾಡುತ್ತಾರಂತೆ, ನಿಜವಾ? ಇನ್ನು ನಾಲ್ಕು ತಿಂಗಳಿಗೆ ಅವನಿಗೆ 18 ತುಂಬುತ್ತದೆ, ಆಗ ಜೈಲಿಗೆ ಕಳಿಸುತ್ತಾರಾ? ಮುಂದೆ ಕೆಲಸ ಸಿಗುತ್ತದಾ? ದೊಡ್ಡವನಿಗೂ ವಯಸ್ಸಿನ ರಿಯಾಯಿತಿ ಏನಾದರೂ ಇದೆಯಾ? ಹೊಡೆದಿದ್ದು ಅಣ್ಣ ಅಂತ ಮಗ ನನ್ನ ಹತ್ತಿರ ಹೇಳಿದ್ದಾನೆ. ಆದರೆ ಮನೆಯಲ್ಲಿ, ‘ಇವನು ಮೈನರ್ ಅಲ್ವಾ, ಏನೂ ಆಗಲ್ಲ, ತಾನೇ ಹೊಡೆದೆ ಅಂತ ಒಪ್ಪಿಕೊಳ್ಳಲಿ, ದೊಡ್ಡವನಾದರೂ ಉಳಿದುಕೊಳ್ಳುತ್ತಾನೆ’ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಕೊನೆಗೆ ಕೇಳಿದ್ದಕ್ಕೇ ಮೊದಲು ಹೇಳುತ್ತೇನೆ. ಮಗನಿಂದ ಹಾಗೆ ಒಪ್ಪಿಸಬೇಡಿ.

18 ತುಂಬದವರ ವಿಚಾರಣೆ ಮಾಡುವ ಬಾಲ ನ್ಯಾಯ ಮಂಡಳಿಯಲ್ಲಿ ಕೇಸ್ ನಡೆಸುವ ವಕೀಲರಿಗೆ ಈ ಸಲಹೆ ಹೊಸದಲ್ಲ. ಅಣ್ಣನ ಬದಲು ತಮ್ಮ, ಮಾಲೀಕನ ಬದಲು ಕೆಲಸದ ಹುಡುಗ, ಗಾಡಿ ಓಡಿಸಿದ ದೊಡ್ಡವನ ಬದಲು ಹಿಂದೆ ಕೂತಿದ್ದ ಚಿಕ್ಕವನು. ಪ್ರತಿ ಸಲವೂ ಅದೇ ಮಾತು, ‘ನಿನಗೇನೂ ಆಗಲ್ಲ’. ಹೇಳುವವರು ಕೆಟ್ಟವರೇ ಆಗಿರಬೇಕಿಲ್ಲ. ಒಬ್ಬ ಮಗನನ್ನಾದರೂ ಉಳಿಸಿಕೊಳ್ಳುವ ಸಂಕಟ ಅವರದ್ದು. ಆದರೆ ಇದರಿಂದ ದೊಡ್ಡವನು ಉಳಿಯುವುದೂ ಇಲ್ಲ.

ಯಾಕೆ ಅಂದರೆ, ಒಂದಕ್ಕಿಂತ ಹೆಚ್ಚು ಜನ ಒಂದೇ ಉದ್ದೇಶದಿಂದ ಸೇರಿ ಹಲ್ಲೆ ಮಾಡಿದರು ಅನ್ನುವಾಗ ಪೊಲೀಸರು ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 3(5) ಕೂಡ ಸೇರಿಸುತ್ತಾರೆ. ಆ ಉದ್ದೇಶ ಸಾಬೀತಾದರೆ ದೊಣ್ಣೆ ಹಿಡಿದ ಕೈ ಯಾವುದು ಅನ್ನುವುದು ಅಷ್ಟು ಮುಖ್ಯವಾಗುವುದಿಲ್ಲ, ಇಬ್ಬರೂ ಸಮಾನ ಹೊಣೆ. ಅಂದರೆ ತಮ್ಮ ಒಪ್ಪಿಕೊಂಡ ಮಾತ್ರಕ್ಕೆ ಅಣ್ಣ ಬಿಡುಗಡೆಯಾಗುವುದಿಲ್ಲ. ಮೇಲಾಗಿ ಅದು ಜಾತ್ರೆ. ನೋಡಿದವರು ಇದ್ದಾರೆ, ಯಾರದ್ದೋ ಮೊಬೈಲಿನಲ್ಲಿ ವಿಡಿಯೋ ಇದ್ದೇ ಇರುತ್ತದೆ. ಗಾಯಗೊಂಡ ಹುಡುಗನೇ ನಾಳೆ ಬಂದು ಸಾಕ್ಷಿ ಹೇಳುತ್ತಾನೆ. ಹೇಳಿಕೊಟ್ಟ ಕಥೆ ಇವುಗಳ ಮುಂದೆ ನಿಲ್ಲುವುದು ಕಷ್ಟ. ಅದು ಮುರಿದ ದಿನ ಇಬ್ಬರ ಮಾತಿಗೂ ಬೆಲೆ ಇರುವುದಿಲ್ಲ. ಸುಳ್ಳು ಸಾಕ್ಷ್ಯ ಸೃಷ್ಟಿಸುವುದು ಬೇರೆಯೇ ಅಪರಾಧ, ಅದರಲ್ಲಿ ಸಿಕ್ಕಿಹಾಕಿಕೊಳ್ಳುವವರು ಮನೆಯ ಹಿರಿಯರು.

ಎಲ್ಲಕ್ಕಿಂತ ಹೆಚ್ಚಾಗಿ, ಮಗ ತನ್ನ ನಿಜವಾದ ವಾದವನ್ನೇ ಕಳೆದುಕೊಳ್ಳುತ್ತಾನೆ. ‘ನಾನು ಅಲ್ಲಿದ್ದೆ, ತಳ್ಳಾಟದಲ್ಲಿ ಇದ್ದೆ, ಆದರೆ ಹೊಡೆಯಲಿಲ್ಲ, ಹೊಡೆಯುತ್ತಾನೆ ಅಂತ ಗೊತ್ತೂ ಇರಲಿಲ್ಲ’ ಅನ್ನುವುದು ಒಳ್ಳೆಯ ವಾದ. ಸಮಾನ ಉದ್ದೇಶ ಇರಲಿಲ್ಲ ಎಂದು ತೋರಿಸುವ ದಾರಿ ಅದೇ. ಹಾಗಂತ ಅಣ್ಣನ ವಿರುದ್ಧ ಅವನು ಬಾಯಿ ಬಿಡಲೇಬೇಕು ಅಂತಲೂ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪ ಹೊತ್ತ ಯಾರನ್ನೂ ಬಲವಂತ ಮಾಡುವಂತಿಲ್ಲ, ಸಂವಿಧಾನದ 20(3)ನೇ ವಿಧಿ ಹೇಳುವುದು ಅದನ್ನೇ. ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದನ್ನು ಅವನ ವಕೀಲರು ಅವನ ಜೊತೆ ಒಂಟಿಯಾಗಿ ಕೂತು ನಿರ್ಧರಿಸಲಿ. ನಿಮ್ಮ ಭಾವನವರ ಎದುರಿಗಂತೂ ಬೇಡ. ಇಬ್ಬರಿಗೂ ಬೇರೆ ಬೇರೆ ವಕೀಲರು ಇರಬೇಕು ಅನ್ನುವುದೂ ಇದಕ್ಕೇ. ಒಬ್ಬನಿಗೆ ಒಳ್ಳೆಯದಾಗುವ ಮಾತು ಇನ್ನೊಬ್ಬನಿಗೆ ಕೆಟ್ಟದಾಗುವಾಗ ಒಬ್ಬರೇ ವಕೀಲರು ಇಬ್ಬರ ಪರ ನಿಲ್ಲುವುದು ಸರಿಯಲ್ಲ.

ಇನ್ನು ‘ಮೈನರ್‌ಗೆ ಏನೂ ಆಗಲ್ಲ’ ಅನ್ನುವ ನಂಬಿಕೆ. ಇದು ಅರ್ಧ ಸತ್ಯ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ತಪ್ಪು ಸಾಬೀತಾದರೆ ಮಂಡಳಿಯ ಮುಂದೆ ಹಲವು ದಾರಿಗಳಿವೆ. ಬುದ್ಧಿಮಾತು ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಹಾಕಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲಿ ಇಡಬಹುದು. ಹೆಚ್ಚೆಂದರೆ 3 ವರ್ಷ ವಿಶೇಷ ಗೃಹಕ್ಕೆ, ಅಂದರೆ ಜೈಲಿನ ಬದಲು ಮಕ್ಕಳನ್ನು ಇಡುವ ಸುಧಾರಣಾ ಕೇಂದ್ರಕ್ಕೆ, ಕಳಿಸಬಹುದು. ಆ ಮೂರು ವರ್ಷ ಅಂದರೆ 18ರಿಂದ 21. ಅವನ ವಾರಿಗೆಯವರು ಡಿಗ್ರಿ ಮುಗಿಸುವ ಹೊತ್ತು. ಮಾಡದ ತಪ್ಪಿಗೆ ಅದನ್ನು ಕೊಡುವುದು ‘ಏನೂ ಅಲ್ಲ’ ಅಂತ ಹೇಳುವುದು ಹೇಗೆ?

ದೊಡ್ಡವರಂತೆ ವಿಚಾರಣೆ ಮಾಡುತ್ತಾರಾ ಅನ್ನುವ ಭಯಕ್ಕೆ ಬರೋಣ. ಇದರ ಹಿನ್ನೆಲೆ ಗೊತ್ತಿದ್ದರೆ ಅರ್ಥವಾಗುವುದು ಸುಲಭ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿ ಇತ್ತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು, 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಒಬ್ಬ ಆರೋಪಿಗೆ 18 ತುಂಬಿರಲಿಲ್ಲ. ಅವನಿಗೆ 3 ವರ್ಷದ ವಿಶೇಷ ಗೃಹವಾಸ ಆಯಿತು, 2015ರ ಡಿಸೆಂಬರಿನಲ್ಲಿ ಹೊರಬಂದ. ಜನರ ಸಿಟ್ಟು ಎಷ್ಟಿತ್ತೆಂದರೆ ಅದೇ ತಿಂಗಳು ಹೊಸ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. 18ರ ಗೆರೆ ಹಾಗೇ ಉಳಿಯಿತು, ಆದರೆ 16ರಿಂದ 18ರವರನ್ನು ದೊಡ್ಡವರಂತೆ ವಿಚಾರಣೆ ಮಾಡಲು ಒಂದು ಬಾಗಿಲು ತೆರೆಯಿತು. ಟಿವಿಯಲ್ಲಿ ಕೇಳಿ ‘16 ದಾಟಿದರೆ ದೊಡ್ಡವರು’ ಅಂತ ಜನ ಹೇಳುವುದು ಈ ಬಾಗಿಲಿನ ವಿಷಯ.

ಆ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಅಪರಾಧ ‘ಘೋರ’ ವರ್ಗದ್ದೇ ಆಗಿರಬೇಕು. ಘೋರ ಅಂದರೆ ಕಾನೂನಿನಲ್ಲಿ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರುವಂಥದ್ದು. ಕೊಲೆ, ಅತ್ಯಾಚಾರ ಇದರಲ್ಲಿ ಬರುತ್ತವೆ. ನ್ಯಾಯ ಸಂಹಿತೆಯಲ್ಲಿ ಕೊಲೆ ಯತ್ನದ ಸೆಕ್ಷನ್ 109 ನೋಡಿ. ಅದರಲ್ಲಿ 10 ವರ್ಷದವರೆಗೆ, ಗಾಯವಾಗಿದ್ದರೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಗರಿಷ್ಠ ದೊಡ್ಡದು, ಆದರೆ ಕನಿಷ್ಠ 7 ವರ್ಷ ಅಂತ ಎಲ್ಲೂ ಇಲ್ಲ. ಇಂಥ ಅಪರಾಧಗಳನ್ನು ಏನು ಮಾಡಬೇಕು ಅನ್ನುವ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಬಗೆಹರಿಸಿತು. ಕನಿಷ್ಠ 7 ವರ್ಷ ಇಲ್ಲದಿದ್ದರೆ ಅದು ‘ಘೋರ’ ಅಲ್ಲ, ‘ಗಂಭೀರ’ ಅಂತ ಹೇಳಿತು. 2021ರ ತಿದ್ದುಪಡಿಯಲ್ಲಿ ಸಂಸತ್ತು ಅದನ್ನೇ ಕಾಯ್ದೆಗೆ ಸೇರಿಸಿತು. ಹಾಗಾಗಿ ಕೇಸ್ ಈಗಿನ ಸೆಕ್ಷನ್‌ನಲ್ಲೇ ಇದ್ದರೆ ನಿಮ್ಮ ಮಗನನ್ನು ದೊಡ್ಡವರಂತೆ ವಿಚಾರಣೆ ಮಾಡುವ ಪ್ರಶ್ನೆ ಏಳುವುದಿಲ್ಲ.

ಒಂದು ಅಪಾಯವನ್ನು ಮುಚ್ಚಿಡುವುದಿಲ್ಲ. ಗಾಯಗೊಂಡ ಹುಡುಗ ಚೇತರಿಸಿಕೊಳ್ಳದೆ ಹೆಚ್ಚುಕಮ್ಮಿಯಾದರೆ ಸೆಕ್ಷನ್ ಕೊಲೆಗೆ ಬದಲಾಗಬಹುದು. ಆಗ ‘ಪ್ರಾಥಮಿಕ ಮೌಲ್ಯಮಾಪನ’ ನಡೆಯುತ್ತದೆ. ಅಪರಾಧ ಮಾಡುವಷ್ಟು ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತಾ, ಪರಿಣಾಮ ಏನಾಗುತ್ತದೆ ಅಂತ ತಿಳಿಯುತ್ತಿತ್ತಾ, ಯಾವ ಸಂದರ್ಭದಲ್ಲಿ ನಡೆಯಿತು, ಇಷ್ಟನ್ನು ಮಂಡಳಿ ನೋಡುತ್ತದೆ. ಮನಶ್ಶಾಸ್ತ್ರಜ್ಞರ ನೆರವು ಪಡೆಯುತ್ತದೆ. ಆಮೇಲೆ ಬೇಕೆನಿಸಿದರೆ ಕೇಸನ್ನು, ದೊಡ್ಡವರಂತೆ ವಿಚಾರಣೆ ಮಾಡಬಹುದಾದ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಕಳಿಸಲೇಬೇಕು ಅಂತಿಲ್ಲ. ಕಳಿಸಿದರೂ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಲ್ಲಿ ಶಿಕ್ಷೆಯಾದರೂ 21 ತುಂಬುವವರೆಗೆ ಜೈಲಿಗೆ ಹಾಕುವಂತಿಲ್ಲ, ಸುರಕ್ಷಿತ ಸ್ಥಳ ಅಂತ ಬೇರೆ ವ್ಯವಸ್ಥೆಯಲ್ಲಿ ಇಡಬೇಕು. ಗಲ್ಲು ಶಿಕ್ಷೆ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿ ಎರಡನ್ನೂ ಕೊಡುವಂತಿಲ್ಲ. ಆ ಹುಡುಗ ವಾರ್ಡಿಗೆ ಬಂದಿದ್ದಾನೆ ಅಂತ ಬರೆದಿದ್ದೀರಿ. ಅದು ಎಲ್ಲರಿಗೂ ಸಮಾಧಾನದ ಸುದ್ದಿ.

18ನೇ ಹುಟ್ಟುಹಬ್ಬಕ್ಕೆ ಹೆದರಬೇಡಿ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ವಿಚಾರಣೆಯ ಮಧ್ಯೆ 18 ತುಂಬಿದರೂ ಅವನ ಕೇಸ್ ಮಂಡಳಿಯಲ್ಲೇ ಮುಂದುವರಿಯುತ್ತದೆ, ಕಾಯ್ದೆಯ ಪ್ರಕಾರ ಅವನು ಮಗುವೇ. ವಯಸ್ಸಿಗೆ ಮೊದಲ ದಾಖಲೆ ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಅಂಕಪಟ್ಟಿಯ ಮೂಲ ಪ್ರತಿ ಈಗಲೇ ವಕೀಲರಿಗೆ ತೋರಿಸಿ. ಎದುರು ಪಕ್ಷದವರು ವಯಸ್ಸನ್ನು ಪ್ರಶ್ನೆ ಮಾಡುವುದು ಸಾಮಾನ್ಯ. ಇದನ್ನೆಲ್ಲ ಕೇಳಿದ ಯಾರಾದರೂ, ದೊಡ್ಡವನಿಗೂ ಒಂದೂವರೆ ವರ್ಷ ಕಡಿಮೆ ಮಾಡಿ ಹೊಸ ಜನನ ಪತ್ರ ಮಾಡಿಸೋಣ ಅಂತ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಶಾಲೆಯ ದಾಖಲೆ ಮುಂದೆ ಇರುವಾಗ ಅದು ನಿಲ್ಲುವುದಿಲ್ಲ, ನಕಲಿ ದಾಖಲೆಯ ಕೇಸ್ ಮಾತ್ರ ಹೊಸದಾಗಿ ಅಂಟಿಕೊಳ್ಳುತ್ತದೆ.

ಈಗ ತುರ್ತಾಗಿ ಆಗಬೇಕಾದ್ದು ಮಗನ ಜಾಮೀನು. ಮಕ್ಕಳ ವಿಷಯದಲ್ಲಿ ಜಾಮೀನು ಕೊಡುವುದೇ ನಿಯಮ, ಅಪರಾಧ ಜಾಮೀನು ಕೊಡದಂಥದ್ದಾಗಿದ್ದರೂ ಸರಿ. ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ನಿರಾಕರಿಸಲು ಮೂರೇ ಕಾರಣ. ಹೊರಬಂದರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಹಾಳಾಗುತ್ತದೆ. ಯಾವ ಕಾರಣ ಅಂತ ಮಂಡಳಿ ಬರೆದು ಕೊಡಬೇಕು. ‘ಕೇಸ್ ದೊಡ್ಡದು’ ಅನ್ನುವುದೊಂದೇ ಕಾರಣವಲ್ಲ. ಮೂರು ವಾರವಾದರೂ ಅವನು ಒಳಗೇ ಇರುವುದು ನೋಡಿದರೆ, ಒಂದೋ ಅರ್ಜಿಯೇ ಸರಿಯಾಗಿ ಹಾಕಿಲ್ಲ, ಇಲ್ಲ ಎರಡು ಊರಿನ ನಡುವೆ ಇನ್ನೂ ಬಿಸಿ ಇದೆ, ಹೊರಬಂದರೆ ಅವನ ಮೇಲೇ ಹಲ್ಲೆಯಾಗಬಹುದು ಅನ್ನುವ ಅಂಜಿಕೆ. ಎರಡನೆಯದಾದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಕೆಲವು ತಿಂಗಳು ಬೇರೆ ಊರಿನಲ್ಲಿ ಅಜ್ಜಿ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇರುತ್ತಾನೆ ಅಂತ ಅವರಿಂದಲೇ ಬರೆಸಿ ಮಂಡಳಿಗೆ ಕೊಡಿ. ಕಾಲೇಜಿನಿಂದ ಹಾಜರಾತಿ ಪತ್ರ, ಪರೀಕ್ಷೆಯ ವೇಳಾಪಟ್ಟಿ ಜೊತೆಗಿರಲಿ. ಜಾಮೀನು ತಡವಾದರೂ ಪರೀಕ್ಷೆ ಬರೆಯಲು ಅನುಮತಿ ಬೇಕು ಅಂತ ಬೇರೆ ಅರ್ಜಿ ಹಾಕಿ. ಮಂಡಳಿ ತಿರಸ್ಕರಿಸಿದರೆ 30 ದಿನದೊಳಗೆ ಮೇಲ್ಮನವಿ, ಆಮೇಲೆ ಹೈಕೋರ್ಟ್ ಇದೆ.

ಪರಿವೀಕ್ಷಣಾಧಿಕಾರಿ ನಿಮ್ಮ ಮನೆಗೆ ಬಂದಿರಬಹುದು, ಇಲ್ಲ ಬರಬಹುದು. ಅವರು ಬರೆಯುವ ಸಾಮಾಜಿಕ ತನಿಖಾ ವರದಿಗೆ ಬಹಳ ತೂಕವಿದೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರು ಮೊದಲು ಓದುವುದೇ ಆ ವರದಿಯನ್ನು. ಇಲ್ಲಿ ತಂದೆ ತಾಯಿ ಮಾಡುವ ಎಡವಟ್ಟು ಒಂದೇ, ‘ನಮ್ಮ ಹುಡುಗ ಚಿನ್ನದಂಥವನು’ ಅಂತ ಹೇಳಿ ಬಾಗಿಲು ಹಾಕಿಕೊಳ್ಳುವುದು. ಅವನು ಕ್ಲಾಸಿಗೆ ಚಕ್ಕರ್ ಹೊಡೆಯುತ್ತಿದ್ದರೆ, ಕುಡಿಯುವವರ ಜೊತೆ ಓಡಾಡುತ್ತಿದ್ದರೆ ಹೇಳಿ. ಅದನ್ನು ಮನೆಯವರು ಗಮನಿಸಿದ್ದಾರೆ, ಇಂತಿಂಥ ಕ್ರಮ ತೆಗೆದುಕೊಳ್ಳುತ್ತಾರೆ ಅಂತ ವರದಿಯಲ್ಲಿ ಬಂದರೆ ಮಂಡಳಿಗೆ ಧೈರ್ಯ ಬರುತ್ತದೆ. ಎಲ್ಲ ಚೆನ್ನಾಗಿದೆ ಅಂತ ಬಂದರೆ ಅನುಮಾನ ಬರುತ್ತದೆ. ಆದರೆ ಜಗಳದ ದಿನ ಏನಾಯಿತು ಅನ್ನುವ ಮಾತು ಬಂದಾಗ ಮಾತ್ರ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ದೊಡ್ಡವನ ವಿಷಯ ಹೆಚ್ಚು ಕಷ್ಟದ್ದು. ನಮ್ಮ ಕಾನೂನಿಗೆ 18 ಅನ್ನುವುದು ಗೋಡೆ. 17 ವರ್ಷ 364 ದಿನದವನು ಈಚೆ, ಮಾರನೆಯ ದಿನದವನು ಆಚೆ. ಮಿದುಳಿನ ಬೆಳವಣಿಗೆ, ಅದರಲ್ಲೂ ಆವೇಶ ತಡೆಯುವ ಭಾಗ, ಇಪ್ಪತ್ತರ ನಡುವಿನವರೆಗೂ ನಡೆಯುತ್ತಿರುತ್ತದೆ ಅಂತ ವಿಜ್ಞಾನ ಹೇಳುತ್ತದೆ. ಗೆಳೆಯರ ಗುಂಪಿನಲ್ಲಿದ್ದಾಗ ಹದಿಹರೆಯದವರು ಒಂಟಿಯಾಗಿ ಮಾಡದ ಕೆಲಸವನ್ನೂ ಮಾಡಿಬಿಡುತ್ತಾರೆ. ಇದೆಲ್ಲ 19ಕ್ಕೂ ಅನ್ವಯಿಸುತ್ತದೆ. ಆದರೂ ಅವನ ಕೇಸ್ ಸೆಷನ್ಸ್ ಕೋರ್ಟಿನಲ್ಲೇ. ಇಬ್ಬರನ್ನೂ ಒಟ್ಟಿಗೆ ವಿಚಾರಣೆ ಮಾಡುವಂತಿಲ್ಲ, ಹಾಗಾಗಿ ಒಂದೇ ಸಾಕ್ಷಿಗಳು ಎರಡು ಕಡೆ ಬಂದು ಹೇಳುತ್ತಾರೆ.

ಹಾಗಂತ ಅವನಿಗೆ ವಯಸ್ಸಿನ ಪ್ರಯೋಜನ ಇಲ್ಲವೇ ಇಲ್ಲ ಅಂತಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಂತ ಒಂದಿದೆ, ವಕೀಲರೂ ಮರೆಯುವ ಕಾಯ್ದೆ ಇದು. ಅದರ ಸೆಕ್ಷನ್ 6ರ ಪ್ರಕಾರ 21 ತುಂಬದವನನ್ನು ಕೋರ್ಟ್ ಸುಮ್ನೆ ಜೈಲಿಗೆ ಕಳಿಸುವಂತಿಲ್ಲ. ಮೊದಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು, ಸನ್ನಡತೆಯ ಬಾಂಡ್ ಮೇಲೆ ಬಿಡಲು ಯಾಕೆ ಆಗುವುದಿಲ್ಲ ಅಂತ ಕಾರಣ ಬರೆಯಬೇಕು. ಆದರೆ ಎರಡು ತೊಡಕುಗಳಿವೆ. ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧ ಸಾಬೀತಾದರೆ ಈ ಸೆಕ್ಷನ್ ಸಿಗುವುದಿಲ್ಲ. ಕೊಲೆ ಯತ್ನ ಉಳಿದರೆ ಇಲ್ಲ, ಅದು ಇಳಿದು ನ್ಯಾಯ ಸಂಹಿತೆಯ ಸೆಕ್ಷನ್ 117(2)ರ ತೀವ್ರ ಗಾಯಕ್ಕೆ ಬಂದರೆ ಉಂಟು. ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಅಂತಾದರೆ ಅದು 118(2), ಮತ್ತೆ ಜೀವಾವಧಿಯವರೆಗೆ ಹೋಗುತ್ತದೆ. ಆದ್ದರಿಂದ ಅವನ ವಕೀಲರ ನಿಜವಾದ ಹೋರಾಟ ಸೆಕ್ಷನ್ ಮೇಲೆ. ಕೊಲ್ಲುವ ಉದ್ದೇಶ ಇತ್ತಾ? ಎಷ್ಟು ಏಟು? ದೊಣ್ಣೆ ಮನೆಯಿಂದ ತಂದದ್ದಾ, ಅಲ್ಲೇ ಕೈಗೆ ಸಿಕ್ಕಿದ್ದಾ? ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ವೈದ್ಯರು ಕೊಡುವ ಪತ್ರ) ಏನು ಹೇಳುತ್ತದೆ?

ಇನ್ನೊಂದು ತೊಡಕು ಸಮಯದ್ದು. ತಮ್ಮನಿಗೆ ಘಟನೆಯ ದಿನದ ವಯಸ್ಸು ಲೆಕ್ಕ ಅಂತ ಹೇಳಿದೆನಲ್ಲ, ಅಣ್ಣನಿಗೆ ಹಾಗಲ್ಲ. ವಿಚಾರಣಾ ಕೋರ್ಟ್ ತಪ್ಪಿತಸ್ಥ ಅಂತ ಹೇಳಿ ಶಿಕ್ಷೆ ಕೊಡುವ ಹೊತ್ತಿಗೆ 21ರ ಒಳಗೆ ಇರಬೇಕು ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಅವನಿಗೆ ಈಗ 19. ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಕೇಸ್ ಎಳೆದರೆ ಈ ರಕ್ಷಣೆ ತಾನಾಗೇ ಕೈಬಿಡುತ್ತದೆ. 21ರ ನಂತರವೂ ಸೆಕ್ಷನ್ 4ರಲ್ಲಿ ಬಾಂಡ್ ಕೇಳಬಹುದು, ಆದರೆ ಆಗ ಅದು ಕೋರ್ಟಿನ ವಿವೇಚನೆ. ಕೇಸ್ ತಡವಾದಷ್ಟೂ ಒಳ್ಳೆಯದು ಅಂತ ಊರಲ್ಲಿ ಹೇಳುವ ಮಾತನ್ನು ಇಲ್ಲಿ ನಂಬಬೇಡಿ.

ಅವನ ಜಾಮೀನು ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿನಿಂದ ಬರಬೇಕು. ಗಾಯಾಳು ಅಪಾಯದಿಂದ ಪಾರಾದ, ಹಿಂದೆ ಯಾವ ಕೇಸೂ ಇಲ್ಲ, ಓದುವ ಹುಡುಗ, ಈ ಮೂರೂ ಅವನ ಪರ ಇವೆ. 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ, ಆ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಿ.

ರಾಜಿಯ ಮಾತು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕೊಲೆ ಯತ್ನದ ಕೇಸನ್ನು ಠಾಣೆಯಲ್ಲಿ ಕೂತು ರಾಜಿ ಮಾಡಿ ಮುಗಿಸಲು ಬರುವುದಿಲ್ಲ. ಎರಡೂ ಕಡೆಯವರು ನಿಜವಾಗಿ ಒಪ್ಪಿದರೆ, ಗಾಯದ ತೀವ್ರತೆ, ಬಳಸಿದ ಆಯುಧ ನೋಡಿ ಹೈಕೋರ್ಟ್ ಕೇಸ್ ರದ್ದು ಮಾಡಬಹುದು, ಮಾಡಲೇಬೇಕೆಂದಿಲ್ಲ. ತಲೆಯ ಮೇಲಿನ ಏಟಾದ್ದರಿಂದ ನಿಮ್ಮ ವಿಷಯದಲ್ಲಿ ಇದು ಸುಲಭವಲ್ಲ. ಆಸ್ಪತ್ರೆ ಖರ್ಚಿಗೆ ನೆರವಾಗುವ ಮನಸ್ಸಿದ್ದರೆ ವಕೀಲರ ಮೂಲಕವೇ ಹೋಗಿ. ನಾಲ್ಕು ಜನ ಸೇರಿ ಆಸ್ಪತ್ರೆಗೆ ಹೋದರೆ ಸಾಕ್ಷಿಗೆ ಬೆದರಿಕೆ ಅಂತ ಆಗಿ ಇಬ್ಬರ ಜಾಮೀನೂ ಹಾಳಾಗುತ್ತದೆ.

ಕೆಲಸದ ಪ್ರಶ್ನೆ. ಮಗನ ವಿಷಯದಲ್ಲಿ ಕಾಯ್ದೆ ಧಾರಾಳವಾಗಿದೆ. ಮಂಡಳಿ ತಪ್ಪಿತಸ್ಥ ಅಂತ ಹೇಳಿದರೂ ಅದರಿಂದ ಯಾವ ಅನರ್ಹತೆಯೂ ಬರುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ಮುಗಿದ ಕೇಸಿನ ವಿಷಯವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ಹೇಳುವಂತಿಲ್ಲ. ದಾಖಲೆ ತಾನಾಗೇ ನಾಶವಾಗುತ್ತದೆ ಅಂತ ಕಾಯಬೇಡಿ, ಕೇಸ್ ಮುಗಿದ ಮೇಲೆ ಅರ್ಜಿ ಹಾಕಿ ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ. ಅವನ ಫೋಟೋವನ್ನೋ ಹೆಸರನ್ನೋ ಯಾರಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದರೆ ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕೊಡಿ. ಮಕ್ಕಳ ಗುರುತು ಬಯಲು ಮಾಡುವುದಕ್ಕೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ. ಅಣ್ಣನಿಗೆ ಈ ಯಾವ ಮರೆಯೂ ಇಲ್ಲ. ಕೇಸ್ ಇದೆಯಾ ಅಂತ ಅರ್ಜಿಯಲ್ಲಿ ಕೇಳಿದರೆ ಅವನು ನಿಜ ಬರೆಯಬೇಕು. ಎಷ್ಟೋ ಸಲ ಹುಡುಗರು ಕೆಲಸ ಕಳೆದುಕೊಳ್ಳುವುದು ಕೇಸಿನಿಂದಲ್ಲ, ಮುಚ್ಚಿಟ್ಟದ್ದರಿಂದ.

ಇಬ್ಬರಿಗೆ ಇಬ್ಬರು ವಕೀಲರು ಅಂದಾಗ ಖರ್ಚಿನ ಯೋಚನೆ ಬಂದಿರಬಹುದು. ಮಕ್ಕಳಿಗೆ ಮತ್ತು ಬಂಧನದಲ್ಲಿರುವವರಿಗೆ, ಮನೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಮಗನ ಅಂಕಪಟ್ಟಿ, ಈವರೆಗೆ ಮಂಡಳಿ ಕೊಟ್ಟ ಆದೇಶಗಳು ಜೊತೆಗಿರಲಿ. ಮಗನ ಅರ್ಜಿಗೆ ಸಹಿ ಹಾಕುವಾಗ ನೀವೂ ಅವನ ತಂದೆಯೂ ಮಾತ್ರ ಹೋಗಿ.